ಒರಾಸ್ಯುವಿನ ಸಿಳ್ಳೆ

ಬೆಳಕು ಹರಿಯುವ ಹೊತ್ತಿಗೆ ಸರಿಯಾಗಿ ಒರಾಸ್ಯು ಬರುತ್ತಿದ್ದ. ಬದುಕಿದ್ದಾಗ ಹೇಳಿದ ಹೊತ್ತಿಗೆ ಒಂದು ದಿನವಾದರೂ ಬಂದ ಆಸಾಮಿಯಲ್ಲ. ಸತ್ತ ಮೇಲೆ ಶಿಸ್ತು ಕಲಿತಿದ್ದ. ಮೊದಲು ತೀರಾ ಸಣ್ಣಗೆ, ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಒಂದು ಸಿಳ್ಳೆ. ಆಮೇಲೆ ಅದರ ಅಡಿಯಲ್ಲಿ ಗೊರಗೊರ. ಮತ್ತೆ ಸಿಳ್ಳೆ. ಎಂಟು ತಿಂಗಳ ಹಿಂದೆ ಅವನು ಕೂತಲ್ಲೇ ಪ್ರಾಣ ಬಿಟ್ಟಿದ್ದ ಬೆತ್ತದ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಸದ್ದು ಬರುತ್ತಿದ್ದದ್ದು ಆ ಕಡೆಯಿಂದಲೇ.

ಅವನ ಅಕ್ಕ ಜುಲ್ಮೀರ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ಅವಳಿಗೂ ಕುರ್ಚಿಗೂ ನಡುವೆ ಮಲಗಿರುತ್ತಿದ್ದ ಅವಳ ಜೊತೆಗಾರ ಎವರಿಸ್ತುವಿನ ಪಕ್ಕೆಗೆ ತಿವಿದು, "ಬಂದ" ಎನ್ನುತ್ತಿದ್ದಳು. ಎವರಿಸ್ತು ದಡಬಡಿಸಿ ಎದ್ದು ಕೂತು ಮೈಯೆಲ್ಲ ಕಿವಿಯಾಗಿ ಆಲಿಸಿದರೆ ಸದ್ದು ಅಲ್ಲಿಗೇ ನಿಲ್ಲುತ್ತಿತ್ತು. ಅವನನ್ನು ಕಂಡರೆ ತನ್ನ ತಮ್ಮನಿಗೆ ಮೊದಲಿಂದಲೂ ಆಗುವುದಿಲ್ಲ, ಅದಕ್ಕೇ ಸುಮ್ಮನಾಗುತ್ತಾನೆ ಎಂದು ಜುಲ್ಮೀರ ಮೂದಲಿಸುತ್ತಿದ್ದಳು. ಎವರಿಸ್ತುವಿಗೆ ದೆವ್ವಗಳಲ್ಲಿ ನಂಬಿಕೆ ಇರಲಿಲ್ಲ, ಭಯ ಮಾತ್ರ ಇತ್ತು. ಎಷ್ಟೋ ಸಲ ಅರೆನಿದ್ದೆಯಲ್ಲಿ ಅವನಿಗೂ ಆ ಸಿಳ್ಳೆ ಕೇಳಿಸುತ್ತಿತ್ತು, ಅದೂ ಕಿವಿಯ ಬುಡದಲ್ಲೇ. ಆಗ ಅವನು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಬೆಳಕಾಗುವುದನ್ನೇ ಕಾಯುತ್ತಿದ್ದ.

ಜುಲ್ಮೀರ ಎದ್ದು ಬೆಳ್ಳಿ ಕಾಗದದ ಮೇಲೆ ಒಂದು ಚಿಟಿಕೆ ಕಂದು ಪುಡಿ ಹಾಕಿ, ಅಡಿಯಲ್ಲಿ ಲೈಟರ್ ಹಿಡಿದು, ಏಳುವ ಹೊಗೆಯನ್ನು ಕುರ್ಚಿಯ ಮೇಲೆ ಸುಮ್ಮನೆ ಬಿಡುತ್ತಿದ್ದಳು. ಯಾರೂ ಎಳೆಯದ ಹೊಗೆ. ಹೆರಾಯಿನ್ನಿನ ಒಂದು ಕಣ ನೆಲಕ್ಕೆ ಬಿದ್ದರೆ ಮಂಡಿಯೂರಿ ಹುಡುಕುವ ಮನೆಯಲ್ಲಿ ಇದು ನಡೆಯುತ್ತಿತ್ತು ಎಂದರೆ ನೋಡಿ. ಎವರಿಸ್ತುವಿನ ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಉಳಿದದ್ದನ್ನು ಇಬ್ಬರೂ ಎಳೆಯುತ್ತಿದ್ದರು. ಒಬ್ಬರು ಬೆಂಕಿ ಹಿಡಿಯಬೇಕು, ಇನ್ನೊಬ್ಬರು ಕೊಳವೆಯಲ್ಲಿ ಹೊಗೆಯನ್ನು ಹಿಂಬಾಲಿಸಬೇಕು. ಬೆಂಕಿ ಹಿಡಿದವರು ಎಳೆಯುವವರ ಮುಖದಿಂದ ಕಣ್ಣು ತೆಗೆಯಬಾರದು. ಮೂವತ್ತು ವರ್ಷದಿಂದ ಅವರಿಬ್ಬರ ನಡುವೆ ಮದುವೆಯ ಉಂಗುರದ ಬದಲು ಇದ್ದದ್ದು ಈ ಕಟ್ಟಳೆ. ಅದು ಮುಗಿಯುವ ಹೊತ್ತಿಗೆ ಸಿಳ್ಳೆ ಅಡಗಿರುತ್ತಿತ್ತು. ತಮ್ಮನಿಗೆ ಸಮಾಧಾನವಾಯಿತು ಎಂದು ಜುಲ್ಮೀರ ಕಾಫಿಗೆ ನೀರಿಡುತ್ತಿದ್ದಳು.

ಪೋರ್ತು ನಗರದ ಆ ಮೆಟ್ಟಿಲು ಬೀದಿಯಲ್ಲಿ, ಎಲ್ಲಕ್ಕಿಂತ ಮೇಲಿನ ಒಂದೇ ಕೋಣೆಯ ಮನೆ ಅವರದು. ಜುಲ್ಮೀರಳ ತಾಯಿ ಬಾಡಿಗೆಗೆ ಹಿಡಿದದ್ದು. ತಾಯಿ ಮೀನು ಡಬ್ಬಿ ಕಾರ್ಖಾನೆಗೆ ಕತ್ತಲಿರುವಾಗಲೇ ಹೋಗುತ್ತಿದ್ದುದರಿಂದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವಳು ಜುಲ್ಮೀರಳೇ. ಅವರ ಹರೆಯದಲ್ಲಿ ಇಡೀ ಬೀದಿ ಸೂಜಿ ಹಿಡಿದಿತ್ತು. ಒಂದೇ ಸೂಜಿ ನಾಲ್ಕು ತೋಳಿಗೆ. ಆಮೇಲೆ ಏಡ್ಸ್ ಬಂತು. ಆ ವರ್ಷಗಳಲ್ಲಿ ಹೆಣದ ಪೆಟ್ಟಿಗೆಯನ್ನು ಮೆಟ್ಟಿಲಿಳಿಸುವಾಗ ಗೋಡೆಗೆ ಉಜ್ಜಿದ ಗುರುತುಗಳನ್ನು ಎಷ್ಟು ಸುಣ್ಣ ಬಳಿದರೂ ಮುಚ್ಚಲಾಗಿಲ್ಲ. ಆಗ ದಕ್ಷಿಣದ ಕಡೆಯಿಂದ ಯಾರೋ ಬೆಳ್ಳಿ ಕಾಗದದ ವಿದ್ಯೆ ತಂದರು. ಜುಲ್ಮೀರ ತಮ್ಮನ ಕೈಯಿಂದ ಸೂಜಿ ಕಿತ್ತು, ಅವನ ಕಣ್ಣೆದುರೇ ಕಾಲಲ್ಲಿ ತುಳಿದು ಮುರಿದು, ಹೊಗೆ ಎಳೆಯುವುದನ್ನು ಕಲಿಸಿದಳು. ಸೂಜಿ ಕೊಲ್ಲುತ್ತೆ, ಹೊಗೆ ಕೊಲ್ಲಲ್ಲ ಎಂದು ಆ ಬೀದಿಯ ಕಲ್ಲುಗಳಿಗೂ ಬಾಯಿಪಾಠವಾಗಿತ್ತು. ಅದು ಸುಳ್ಳೇನಲ್ಲ, ಅವನ ಓರಗೆಯವರೆಲ್ಲ ಮಣ್ಣಾದ ಮೇಲೂ ಒರಾಸ್ಯು ಬದುಕಿದ. "ಸೂಜಿ ಬಾಯಿಂದ ಅವನನ್ನ ಎಳ್ಕೊಂಡ್ ಬಂದೋಳು ನಾನು" ಎಂದು ಜುಲ್ಮೀರ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದಳು. ಅವಳ ಬದುಕಿನಲ್ಲಿ ಎದೆ ತಟ್ಟಿ ಹೇಳಿಕೊಳ್ಳುವುದಕ್ಕೆ ಇದ್ದದ್ದು ಅದೊಂದೇ.

ಈ ಜನ ಮಾಡುವ ಒಂದು ತಪ್ಪಿದೆ, ಬೇರೆ ಯಾರೂ ಮಾಡಲಾರರು. ಮೈಯಿಂದ ನಶೆ ಇಳಿದಾಗ ಮೂಗು ಸೋರುತ್ತದೆ, ಮೂಳೆ ನೋಯುತ್ತದೆ, ಎದೆ ಬಿಗಿಯುತ್ತದೆ. ಅದನ್ನು ಅವರು ಇಳಿತ ಎನ್ನುತ್ತಾರೆ. ಹೀಗಾಗಿ ಬೆಳಿಗ್ಗೆ ಎದ್ದಾಗ ಏನೇ ಸಂಕಟವಾದರೂ ಅದು ಇಳಿತವೇ, ಅದಕ್ಕೆ ಮದ್ದು ಹೊಗೆಯೇ. ಒರಾಸ್ಯು ವರ್ಷಗಟ್ಟಲೆ ಬೆಳಿಗ್ಗೆ ಕೆಮ್ಮಿದ, ಗೊರಗೊರ ಎಂದ, ಸಿಳ್ಳೆ ಹಾಕಿದ. ಹೊಗೆ ಎಳೆದ ತಕ್ಷಣ ತಣ್ಣಗಾಗುತ್ತಿದ್ದ. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಮಾರ್ಚಿನ ಆ ಬೆಳಿಗ್ಗೆ ಮನೆಯಲ್ಲಿ ಪುಡಿ ಮುಗಿದಿತ್ತು. ಜುಲ್ಮೀರ ಕೆಳಗಿನ ಬೀದಿಗೆ ಓಡಿ ತರುವಷ್ಟರಲ್ಲಿ ಅವನ ತುಟಿ ನೀಲಿಯಾಗಿತ್ತು. ಅವಳೇ ಬೆಂಕಿ ಹಿಡಿದಳು. ಅವನು ನಾಲ್ಕಾರು ಸಲ ಎಳೆದ, ಗೊರಗೊರ ತಗ್ಗಿತು, ಮುಖ ಸಡಿಲವಾಯಿತು. ಅವಳು ಕಾಲ ಮೇಲೆ ಕಂಬಳಿ ಹೊದಿಸಿ ಕಾಫಿ ಮಾಡಲು ಹೋದಳು. ಕಾಫಿ ತರುವಾಗ ಅವನಿರಲಿಲ್ಲ. ತಾನು ತಡಮಾಡಿದ್ದಕ್ಕೆ ತಮ್ಮ ಸತ್ತ, ಅದಕ್ಕೇ ದಿನಾ ಬಂದು ತನ್ನ ಪಾಲು ಕೇಳುತ್ತಾನೆ ಎಂಬುದು ಜುಲ್ಮೀರಳ ಲೆಕ್ಕ.

ಒಂದು ದಿನ ಅವಳು ಪರೀಕ್ಷೆಯನ್ನೂ ಮಾಡಿದಳು. ಎವರಿಸ್ತು ಮಗ್ಗುಲಾಗಿ ಮಲಗಿಕೊಂಡೇ, ಸದ್ದು ನಿನ್ನ ಎದೆಯದೇ ಇರಬೇಕು ಎಂದು ಗೊಣಗಿದ್ದ. ಅವಳು ಮೂಗು ಬಾಯಿ ಎರಡನ್ನೂ ದಿಂಬಿಗೆ ಒತ್ತಿ, ಕಣ್ಣಲ್ಲಿ ನೀರು ಬರುವವರೆಗೂ ಉಸಿರು ಹಿಡಿದಳು. ಸಿಳ್ಳೆ ನಿಲ್ಲಲಿಲ್ಲ. ಆಮೇಲೆ ಆ ಮನೆಯಲ್ಲಿ ಅನುಮಾನದ ಮಾತೇ ಬರಲಿಲ್ಲ.

ಎವರಿಸ್ತುವಿನ ಕೆಲಸ ಕೆಳಗೆ ಇಗರ್ಜಿಯ ಚೌಕದಲ್ಲಿ, ಬರುವ ಕಾರುಗಳಿಗೆ ಕೈಬೀಸಿ ಖಾಲಿ ಜಾಗ ತೋರಿಸುವುದು. ಕೆಲಸವೆಂದರೆ ಕೆಲಸ, ಭಿಕ್ಷೆಯೆಂದರೆ ಭಿಕ್ಷೆ. ಈಚೆಗೆ ಅವನಿಗೆ ನದಿ ನೋಡುವ ಚಟ ಹತ್ತಿತ್ತು. ಮೆಟ್ಟಿಲ ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು ನಿಂತು ದೋರು ನದಿಯನ್ನು ಹಿಂದೆಂದೂ ಕಾಣದವನ ಹಾಗೆ ನೋಡುತ್ತಿದ್ದ. ಹುಟ್ಟಿದ್ದೇ ಆ ನದಿಯ ದಂಡೆಯಲ್ಲಿ. ದಾಟಿ ಹೋಗುವವರಿಗೆ ಅವನು ಉಸಿರಿಗಾಗಿ ನಿಂತಿದ್ದಾನೆಂದು ಗೊತ್ತಾಗಬಾರದು, ಅಷ್ಟೇ.

ಚೌಕಕ್ಕೆ ದಿನಾ ಒಂದು ವ್ಯಾನು ಬರುತ್ತದೆ. ಹೆರಾಯಿನ್ ಬದಲಿಗೆ ಮೆಥಡೋನ್ ಎಂಬ ಔಷಧಿ ಕುಡಿಸುವ ವ್ಯಾನು. ಎವರಿಸ್ತು ಅದನ್ನೂ ಕುಡಿಯುತ್ತಿದ್ದ, ಇದನ್ನೂ ಬಿಟ್ಟಿರಲಿಲ್ಲ. ವ್ಯಾನಿನ ನರ್ಸ್ ಲುಡವೀನ ದಪ್ಪ ಕನ್ನಡಕದ, ಬಾಯಿ ಜೋರಿನ ಹೆಂಗಸು. ನವೆಂಬರಿನ ಒಂದು ಮಂಜಿನ ದಿನ ಅವನು ಔಷಧಿಯ ಲೋಟ ಬಾಯಿಗಿಡುವ ಮೊದಲು ವ್ಯಾನಿನ ಬಾಗಿಲಿಗೆ ಒರಗಿ ನಿಂತದ್ದನ್ನು ಅವಳು ನೋಡಿದಳು. ನದಿ ನೋಡುತ್ತಿದ್ದೇನೆ ಎಂದು ಹೇಳುವುದಕ್ಕೆ ಅಲ್ಲಿಂದ ನದಿ ಕಾಣುವುದಿಲ್ಲ. ಒಳಗೆ ಕೂರಿಸಿ, ಯಂತ್ರಕ್ಕೆ ಸಿಕ್ಕಿಸಿದ ರಟ್ಟಿನ ಕೊಳವೆಯೊಂದನ್ನು ಬಾಯಿಗಿಟ್ಟು, ಎದೆಯಲ್ಲಿರುವುದನ್ನೆಲ್ಲ ಜೋರಾಗಿ ಊದಿ ಎಂದಳು. ಎವರಿಸ್ತು ಕೊಳವೆಯನ್ನು ತುಟಿಗಿಟ್ಟು ಆಳವಾಗಿ ಒಳಕ್ಕೆಳೆದು, ಹಿಡಿದುಕೊಂಡು ಕೂತ.

"ಊದಿ ಅಂದ್ರೆ ಎಳೀತೀರಲ್ಲ."

"ಜೀವಮಾನದಲ್ಲಿ ಕೊಳವೆ ಬಾಯಿಗಿಟ್ಟು ಊದಿದೋನಲ್ಲ ಸಿಸ್ಟರ್. ಊದಿದ್ರೆ ಪುಡಿ ಹಾರ್ಹೋಗುತ್ತೆ."

ಅವಳಿಗೂ ನಗು ತಡೆಯಲಾಗಲಿಲ್ಲ. ನಾಲ್ಕನೆಯ ಸಲಕ್ಕೆ ಹೇಗೋ ಊದಿದ. ಪರದೆಯ ಮೇಲಿನ ಗೆರೆ ಏಳುವ ಮೊದಲೇ ಮಲಗಿತು. ನಗು ನಿಂತಿತು. ಎಂಬತ್ತೈದರ ಮುದುಕನ ಶ್ವಾಸಕೋಶ ಐವತ್ತೇಳಕ್ಕೇ ಬಂದಿದೆ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ರಾತ್ರಿ ಉಬ್ಬಸ ಬರುತ್ತದೆಯೇ, ಎದೆ ಸಿಳ್ಳೆ ಹಾಕುತ್ತದೆಯೇ ಎಂದು ಕೇಳಿದಾಗ ಎವರಿಸ್ತು ಮಾತು ತೇಲಿಸಲು, ತಮ್ಮ ಮನೆಯಲ್ಲಿ ಸಿಳ್ಳೆ ಹಾಕುವುದಕ್ಕೆ ಬೇರೆ ಒಬ್ಬನಿದ್ದಾನೆ ಎಂದು ಒರಾಸ್ಯುವಿನ ಕಥೆ ಶುರುಮಾಡಿದ. ಕುರ್ಚಿ, ಚಿಟಿಕೆ ಪುಡಿ, ಜುಲ್ಮೀರ ದಿಂಬಿಗೆ ಮುಖ ಒತ್ತಿಕೊಂಡದ್ದು, ಎಲ್ಲವನ್ನೂ ನಗಿಸುವ ಹಾಗೆ ಹೇಳಿದ. ಲುಡವೀನ ನಗಲಿಲ್ಲ.

"ಅವರು ಉಸಿರು ಹಿಡ್ಕೊಂಡಾಗ ನೀವೇನ್ ಮಾಡ್ತಿದ್ರಿ?"

"ಮಲಗಿದ್ದೆ."

"ಉಸಿರಾಡ್ತಾ?"

ಲುಡವೀನ ಕೊರಳಲ್ಲಿದ್ದ ಸ್ಟೆತಾಸ್ಕೋಪನ್ನು ತೆಗೆದು ಅವನ ಕಿವಿಗಳಿಗೇ ಸಿಕ್ಕಿಸಿ, ಬಿಲ್ಲೆಯನ್ನು ಅವನ ಅಂಗಿಯೊಳಗೆ ತೂರಿಸಿ ಬೆನ್ನ ಪಕ್ಕಕ್ಕೆ ಒತ್ತಿದಳು. ಮೊದಲು ಸಣ್ಣಗೆ ಸಿಳ್ಳೆ. ಅದರ ಅಡಿಯಲ್ಲಿ ಗೊರಗೊರ. ಒರಾಸ್ಯು. ಅವನ ಪಕ್ಕೆಲುಬಿನ ಒಳಗೆ ಕಾಲು ಮಡಿಚಿ ಕೂತಿದ್ದ. ಕುರ್ಚಿಯ ಮೇಲಿನ ದೆವ್ವಕ್ಕೆ ಎವರಿಸ್ತು ಇಷ್ಟು ಹೆದರಿರಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವನು ಕೇಳಿದ್ದು ತನ್ನ ವಿಷಯವನ್ನಲ್ಲ. ಹೊಗೆ ಎಳೆದರೆ ಒರಾಸ್ಯುವಿಗೆ ಕಡಿಮೆಯಾಗುತ್ತಿತ್ತಲ್ಲ, ಅದು ಹೇಗೆ ಎಂದು ಕೇಳಿದ. ಲುಡವೀನ ಕನ್ನಡಕ ತೆಗೆದು ಒರೆಸಿಕೊಂಡಳು. ಅವನನ್ನು ತಾನು ನೋಡಿಲ್ಲ, ಇದೇ ಎಂದು ಹೇಳಲಾರೆ ಎಂದಳು. ಆಮೇಲೆ, "ಎದೆ ಕೂಗ್ತಿರೋದನ್ನ ತಲೆಗೆ ಕೇಳಿಸದ ಹಾಗೆ ಮಾಡುತ್ತೆ ಅದು, ಅಷ್ಟೇ. ಉಸಿರಿನ ದಾರಿ ಬಿಡಿಸಲ್ಲ. ದಾರಿ ಮುಚ್ಚಿರೋನಿಗೆ ಅದನ್ನ ಕೊಟ್ರೆ, ಗಾಳಿ ಬೇಕು ಅನ್ನೋದೇ ಮರೆತುಹೋಗುತ್ತೆ" ಎಂದಳು. ಎವರಿಸ್ತುವಿಗೆ ಒರಾಸ್ಯುವಿನ ಸಡಿಲವಾದ ಮುಖ ಕಣ್ಣ ಮುಂದೆ ಬಂತು, ಕಾಲ ಮೇಲಿನ ಕಂಬಳಿಯೂ ಬಂತು.

ಲುಡವೀನ ಉಬ್ಬಸದ ಔಷಧಿಯ ಎರಡು ಪಂಪು ಕೊಟ್ಟಳು. ಒಂದು ದಿನಾ ಎಳೆಯುವುದಕ್ಕೆ, ನೀಲಿಯದು ಉಸಿರು ಕಟ್ಟಿದಾಗ ಎಳೆಯುವುದಕ್ಕೆ. ಅದನ್ನು ಎಳೆಯುವುದು ಹೇಗೆಂದು ತೋರಿಸಹೋದರೆ ಎವರಿಸ್ತು ನಿಧಾನವಾಗಿ, ಆಳವಾಗಿ ಎಳೆದು, ಹಿಡಿದು ಕೂತ. ಇಡೀ ಪೋರ್ತುವಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾರೂ ಎಳೆಯುವುದಿಲ್ಲ ಎಂದು ಅವಳು ಹೊಗಳಿದಳು. ಅವನಿಗೆ ಜೀವನದಲ್ಲಿ ಸಿಕ್ಕ ಮೊದಲ ಬಹುಮಾನ. ಮೆಥಡೋನ್ ಹೆಚ್ಚಿಸೋಣ, ಹೊಗೆ ಕಡಿಮೆ ಮಾಡೋಣ, ಜುಲ್ಮೀರಳನ್ನೂ ಕರೆದುಕೊಂಡು ಬನ್ನಿ, ಉಸಿರು ತೀರಾ ಕಟ್ಟಿದರೆ ಮನೆಯಲ್ಲಿ ಕೂರದೆ ಆಂಬುಲೆನ್ಸ್ ಕರೆಸಿ ಎಂದೆಲ್ಲ ಅವಳು ಹೇಳಿದಳು. ಎಲ್ಲದಕ್ಕೂ ಅವನು ಹೂಂಗುಟ್ಟಿದ.

ಮನೆಯಲ್ಲಿ ಅವನು ತುಟಿ ಬಿಚ್ಚಲಿಲ್ಲ. ಸದ್ದು ನನ್ನದು ಎಂದರೆ ಅಲ್ಲಿಗೆ ಮಾತು ನಿಲ್ಲುವುದಿಲ್ಲ, ಜುಲ್ಮೀರ ದಡ್ಡಿಯಲ್ಲ. ಪಂಪುಗಳನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು, ಮೆಟ್ಟಿಲ ತಿರುವಿನಲ್ಲಿ ಕಳ್ಳನ ಹಾಗೆ ಎಳೆದುಕೊಂಡು ಒಳಗೆ ಬರುತ್ತಿದ್ದ. ಕೆಲವೇ ದಿನಗಳಲ್ಲಿ ಅವನಿಗೆ ನದಿ ನೋಡುವ ಅಗತ್ಯ ಕಡಿಮೆಯಾಯಿತು. ಬೆಳಗಿನ ಸಿಳ್ಳೆ ಸಣ್ಣದಾಯಿತು, ಒಂದು ದಿನ ಇಲ್ಲವಾಯಿತು. ಒಳ್ಳೆಯದಾಯಿತು ಎಂದು ಅವನು ಅಂದುಕೊಳ್ಳುವಷ್ಟರಲ್ಲಿ ಜುಲ್ಮೀರ ಕುಸಿದಳು.

ಅವಳು ಕುರ್ಚಿಯ ಮುಂದೆ ನೆಲದ ಮೇಲೆ ಕೂತು ಕಾಯುತ್ತಿದ್ದಳು. ಚಿಟಿಕೆಯ ಬದಲು ಎರಡು ಚಿಟಿಕೆ ಸುಟ್ಟಳು. ಮೀನು ಮಾರುಕಟ್ಟೆಯ ನೆಲ ತೊಳೆಯುವ ಕೆಲಸಕ್ಕೆ ಹೋಗುವುದನ್ನು ಬಿಟ್ಟಳು. ಎವರಿಸ್ತು ಸೊಪ್ಪಿನ ಸಾರು ಕಾಯಿಸಿ ಕೊಟ್ಟರೆ ಅದು ತಣ್ಣಗಾಗಿ ಮೇಲೆ ಎಣ್ಣೆ ಕಟ್ಟುತ್ತಿತ್ತು. ತನ್ನಿಂದ ಏನು ತಪ್ಪಾಯಿತು, ಅವನಿಗೇಕೆ ಸಿಟ್ಟು ಬಂತು ಎಂಬುದೊಂದೇ ಅವಳ ಮಾತು. ಎಂಟು ತಿಂಗಳ ಹಿಂದೆ, ಒರಾಸ್ಯುವನ್ನು ಹೂತು ಬಂದ ದಿನವೂ ಅವಳು ಹೀಗೆ ಆಗಿರಲಿಲ್ಲ. ಅಂದು ಅವನು ಪೂರ್ತಿ ಹೋಗಿರಲಿಲ್ಲವಲ್ಲ.

ಕಡೆಗೆ ಒಂದು ಭಾನುವಾರ ಮಧ್ಯಾಹ್ನ ಎವರಿಸ್ತು ತಡೆಯಲಾರದೆ ಪಂಪನ್ನು ಮೇಜಿನ ಮೇಲಿಟ್ಟು, ಅದು ತನ್ನ ಎದೆಯ ಸದ್ದು, ನರ್ಸು ಕೇಳಿಸಿದಳು, ಈ ಔಷಧಿಗೆ ನಿಂತಿದೆ ಎಂದು ಹೇಳಿಬಿಟ್ಟ. ಅಷ್ಟೇ ಹೇಳಿದ. ಜುಲ್ಮೀರ ಪಂಪನ್ನು ನೋಡಿದಳು, ಅವನ ಎದೆಯನ್ನು ನೋಡಿದಳು.

"ಅವನದೂ ನಿನ್ನ ಥರಾನೇ ಇತ್ತಲ್ವಾ?"

"ಹೂಂ."

"ಹಾಗಾದ್ರೆ ಅವತ್ತು ನಾನು ಕೊಟ್ಟಿದ್ದೇನು?"

ಎವರಿಸ್ತು ತಟ್ಟೆಯ ಅಂಚಿನಲ್ಲಿದ್ದ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆಯುತ್ತಾ ಕೂತ. ಅವಳು ಅಳಲಿಲ್ಲ. ಎದ್ದು ತಟ್ಟೆ ತೊಳೆದಿಟ್ಟಳು.

ಮಾರನೆಯ ದಿನ ಎರಡು ಪಂಪೂ ಕೋಟಿನಲ್ಲಿರಲಿಲ್ಲ. ಎವರಿಸ್ತು ಜೇಬನ್ನು ಒಳಹೊರಗು ಮಾಡಿ ನೋಡಿದ. ಜುಲ್ಮೀರ ಬೆನ್ನು ತಿರುಗಿಸಿ ಬಟ್ಟೆ ಮಡಿಚುತ್ತಿದ್ದಳು. ಆ ಬೆನ್ನನ್ನು ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ಕೇಳಬಹುದಿತ್ತು. ಕೆಳಗಿಳಿದು ಲುಡವೀನಳ ಹತ್ತಿರ ಇನ್ನೊಂದು ಇಸಿದುಕೊಳ್ಳಬಹುದಿತ್ತು. ಎರಡನ್ನೂ ಮಾಡಲಿಲ್ಲ. ಸಿಳ್ಳೆ ವಾಪಸು ಬಂದ ಬೆಳಿಗ್ಗೆ ಅವಳು ತಮ್ಮ ಬಂದನೆಂದು ಅವನ ಪಕ್ಕೆಗೆ ತಿವಿಯಲಿಲ್ಲ. ಸದ್ದು ಮಾಡದೆ ಸರಿದು ಬಂದು ಅವನ ಬೆನ್ನಿಗೆ ಕಿವಿಯಿಟ್ಟು ಮಲಗಿದಳು. ಎಚ್ಚರವಿದ್ದೂ ಎವರಿಸ್ತು ಅಲುಗಾಡಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳಿಗೆ ತಾನು ಕೊಟ್ಟದ್ದು ಏನೂ ಇಲ್ಲ. ಇದೊಂದನ್ನು ಕೊಡುತ್ತೇನೆ, ಒಂದೆರಡು ದಿನ ತಮ್ಮನ ಜೊತೆ ಇದ್ದುಕೊಳ್ಳಲಿ ಎಂದು ಅವನಿಗೆ ಅನ್ನಿಸಿತು. ಅದು ಪ್ರೀತಿಯೋ ಮೂರ್ಖತನವೋ, ಎರಡಕ್ಕೂ ಅವನಲ್ಲಿ ಕೊರತೆ ಇರಲಿಲ್ಲ.

ಒಂದೆರಡು ದಿನ ವಾರವಾಯಿತು. ನದಿ ನೋಡುವುದು ಮತ್ತೆ ಶುರುವಾಯಿತು. ಆಮೇಲೆ ಒಂದು ಬೆಳಿಗ್ಗೆ, ಕೆಲಸಕ್ಕೆಂದು ಕೋಟು ಹಾಕಿಕೊಂಡು ಬಾಗಿಲು ತೆರೆದವನಿಗೆ ಮಂಜಿನ ತಣ್ಣನೆ ಗಾಳಿ ಎದೆಗೆ ಹೊಡೆದು, ಒಳಗೆ ಎಲ್ಲೋ ಒಂದು ಕದ ಮುಚ್ಚಿಕೊಂಡಿತು. ಅವನು ಹೊಸ್ತಿಲ ಮೇಲೆ ಕುಸಿದು, ಎರಡು ಕೈಯನ್ನೂ ಮಂಡಿಗೆ ಊರಿ, ಬಾಯಿ ತೆರೆದ. ಗಾಳಿ ಹೊರಗಿತ್ತು, ಬೀದಿ ತುಂಬ ಇತ್ತು, ಒಳಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಸಿಳ್ಳೆ ಮಾತ್ರ. ಅಷ್ಟು ಜೋರಾದ ಸಿಳ್ಳೆ ಅವನು ಹಿಂದೆ ಕೇಳಿದ್ದು ಒಂದೇ ಸಲ, ಮಾರ್ಚಿನಲ್ಲಿ.

ಹೆದರಿಕೆಯಲ್ಲಿ ಅವನ ಬಾಯಿಂದ ಬಂದದ್ದು ಪಂಪಿನ ಹೆಸರಲ್ಲ. ಮೂವತ್ತು ವರ್ಷದ ಅಭ್ಯಾಸ ನಾಲಿಗೆಯ ತುದಿಯಲ್ಲಿತ್ತು. "ಬೆಂಕಿ... ಹಿಡಿ" ಎಂದ.

ಜುಲ್ಮೀರಳ ಕೈಯೂ ಅಭ್ಯಾಸದಂತೆಯೇ ನಡೆಯಿತು. ಬೆಳ್ಳಿ ಕಾಗದ ಬಂತು, ಪುಡಿ ಬಂತು. ಅವಳು ಅವನೆದುರು ಮಂಡಿಯೂರಿ ಲೈಟರ್ ಹೊತ್ತಿಸಿ, ಕಟ್ಟಳೆಯಂತೆ ಕಣ್ಣೆತ್ತಿ ಎಳೆಯುವವನ ಮುಖ ನೋಡಿದಳು. ಎವರಿಸ್ತುವಿಗೆ ಅವಳ ಕಣ್ಣು ಕಾಣುತ್ತಿತ್ತು. ಅವು ನೀಲಿಗಟ್ಟಿದ್ದ ತನ್ನ ತುಟಿಗಳ ಮೇಲೆ ನಿಂತದ್ದೂ, ಅಲ್ಲಿಂದ ಕದಲದೆ ಹೋದದ್ದೂ ಕಾಣುತ್ತಿತ್ತು. ಲೈಟರಿನ ಬೆಂಕಿ ಕಾಗದದ ತನಕ ಬರಲಿಲ್ಲ. ಅವಳ ಹೆಬ್ಬೆರಳು ಸುಡುವವರೆಗೂ ಅಲ್ಲೇ ಉರಿದು ಆರಿತು.

ಅವಳು ಕಾಗದವನ್ನು ಪುಡಿಯ ಸಮೇತ ಮುದುಡಿ ಮೆಟ್ಟಿಲ ಕೆಳಗೆ ಎಸೆದಳು. ಬಾಗಿಲಿಗೆ ಬಂದಿದ್ದ ಪಕ್ಕದ ಮನೆಯವಳಿಗೆ ಆಂಬುಲೆನ್ಸಿಗೆ ಫೋನು ಮಾಡಲು ಹೇಳಿದಳು. ಆಮೇಲೆ ಏಪ್ರನ್ನಿನ ಜೇಬಿನಿಂದ ನೀಲಿ ಪಂಪು ತೆಗೆದಳು. ತೆಗೆದವಳು ಕೊಡಲಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎವರಿಸ್ತುವಿನ ಎದೆಗೆ ಕೆನ್ನೆ ಹಚ್ಚಿದಳು.

"ಪುಟ್ಟಾ, ಬೇಕೂಂತ ಮಾಡಿದ್ದಲ್ಲ ಕಣೋ" ಎಂದಳು ಅಲ್ಲಿಗೇ, ಅಂಗಿಯ ಗುಂಡಿಗಳಿಗೆ ಬಾಯಿ ತಾಗಿಸಿ. "ಸೂಜಿ ನಿನ್ನ ತಿಂದುಬಿಡುತ್ತೆ ಅಂತ ಹೆದರ್ಕೊಂಡೆ. ಅವತ್ತು ನೀನು ತಣ್ಣಗಾದೆ, ನಿದ್ದೆ ಬಂತು ಅನ್ಕೊಂಡೆ. ನನಗೆ ಹೇಗೆ ಗೊತ್ತಾಗಬೇಕೋ?"

ಎದೆ ಸಿಳ್ಳೆ ಹಾಕಿತು. ಎವರಿಸ್ತುವಿಗೆ ಅವಳ ಮುಷ್ಟಿಯಲ್ಲಿದ್ದ ಪಂಪು ಕಾಣುತ್ತಿತ್ತು, ಅದು ದೋರು ನದಿಯ ಆಚೆ ದಡದಷ್ಟು ದೂರವಿತ್ತು. ಕೈ ಚಾಚುವ ಶಕ್ತಿ ಇರಲಿಲ್ಲ. ಇವಳು ನನ್ನ ಜೊತೆ ಮಾತಾಡುತ್ತಿಲ್ಲ, ನಾನು ಇಲ್ಲಿ ಇಲ್ಲವೇ ಇಲ್ಲ ಎಂದು ಅವನಿಗೆ ಅನ್ನಿಸಿತು. ಸಾಯುವುದೆಂದರೆ ಹೀಗೇ ಇರಬೇಕು ಎಂದೂ ಅನ್ನಿಸಿ, ಹಸುಳೆಯ ಹಾಗೆ ಭಯವಾಯಿತು.

ಆಗ ಅವಳು ತಲೆಯೆತ್ತಿ, ಅವನ ಗದ್ದ ಹಿಡಿದು, ಪಂಪನ್ನು ಹಲ್ಲಿನ ನಡುವೆ ಇಟ್ಟು ಒತ್ತಿದಳು. ಅವನು ಎಳೆದ, ಹಿಡಿದ. ಅವನಿಗೆ ಬರುತ್ತಿದ್ದ ಒಂದೇ ವಿದ್ಯೆ ಅದು. ಸ್ವಲ್ಪ ಹೊತ್ತಿಗೆ ಮುಚ್ಚಿದ್ದ ಕದ ಕೂದಲೆಳೆಯಷ್ಟು ತೆರೆಯಿತು. ಗೊರಗೊರ ಕೆಳಗಿಳಿಯಿತು. ಸಿಳ್ಳೆ ಸಣ್ಣದಾಗಿ, ಬೆಳಗಿನ ಜಾವದಲ್ಲಿ ಕಿಟಕಿಯ ಬಳಿ ಕೇಳುತ್ತಿತ್ತಲ್ಲ, ಅಷ್ಟಕ್ಕೆ ಬಂದು ನಿಂತಿತು. ಜುಲ್ಮೀರ ಮತ್ತೆ ಅವನ ಎದೆಗೆ ಕಿವಿಯಿಟ್ಟಳು. ಆ ಸದ್ದನ್ನು ಅಲ್ಲಿಗೇ ಬಿಟ್ಟರೆ ಅವನು ಆಂಬುಲೆನ್ಸ್ ಬರುವವರೆಗೂ ಬದುಕುತ್ತಿದ್ದ, ತಮ್ಮನೂ ಇರುತ್ತಿದ್ದ. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ಅವಳ ಕಣ್ಣೀರು ಅವನ ಅಂಗಿ ದಾಟಿ ಚರ್ಮಕ್ಕೆ ಮುಟ್ಟಿತು.

ಆಮೇಲೆ ಎದ್ದು ಕೂತು ಮೂಗೊರೆಸಿಕೊಂಡು, ಪಂಪನ್ನು ಅಲುಗಿಸಿ ಮತ್ತೆ ಅವನ ಬಾಯಿಗಿಟ್ಟಳು.

"ಇನ್ನೊಂದ್ಸಲ ಎಳಿ" ಎಂದಳು.